ತಮ್ಮನ ಅಳತೆಕೋಲು

ತಮ್ಮ ತೀರಿಕೊಂಡ ಸುದ್ದಿ ತಿಳಿದ ದಿನ ಅವನ ಅಳಿಯ ಮೊದಲು ಕೇಳಿದ್ದು ತಮ್ಮ ಊರೂರು ಸುತ್ತುತ್ತಿದ್ದ ಮನೆಗಾಡಿಯ, ಅವನ ಕ್ಯಾರವಾನಿನ ಬೀಗದ ಕೈ. ತನ್ನ ಬೂದಿಯನ್ನು ಆ ಎತ್ತರದ ಗಾಡಿಯಲ್ಲೇ ಕಡಲಿಗೆ ಒಯ್ಯಬೇಕೆಂಬುದು ತಮ್ಮನ ಕೊನೆಯ ಆಸೆಯಾಗಿತ್ತು. ಬದುಕಿದ್ದಾಗ ಅವನು ಪ್ರತಿ ಸೇತುವೆಯ ಕೆಳಗೂ ಕೋಲು ನಿಲ್ಲಿಸಿ ಅಳೆದು, ಪುಸ್ತಕದಲ್ಲಿ ಬರೆದು, ಆಮೇಲೆ ದಾರಿ ಗೊತ್ತುಮಾಡುತ್ತಿದ್ದ. ಅಳಿಯ ನಗುತ್ತಿದ್ದ.

ಬೂದಿಯ ಜೊತೆ ನಾವಿಬ್ಬರೂ ಹೊರಟೆವು; ಗಾಡಿ ಓಡಿಸುತ್ತಿದ್ದವನು ಅಳಿಯ. ರೈಲು ಸೇತುವೆ ಹತ್ತಿರ ಬಂದಾಗ ನಾನು, "ನಿಲ್ಲಿಸಪ್ಪಾ, ಅಳೆಯೋಣ" ಎಂದೆ.

"ಹನ್ನೆರಡು ಅಡಿ ಅಂತ ಬೋರ್ಡೇ ಇದೆಯಲ್ಲ ದೊಡ್ಡಮಾವ! ನಮ್ಮದು ಹನ್ನೊಂದೂವರೆ. ಸರ್ಕಾರಕ್ಕಿಂತ ಮಾವನ ಕೋಲು ದೊಡ್ಡದಾ?"

ನಾನು ಪುಸ್ತಕ ತೆರೆದೆ. "ನಿಮ್ಮ ಮಾವ ಬರೆದಿದ್ದಾನೆ ನೋಡು. ಬೋರ್ಡು ಹಾಕಿದ ಮೇಲೆ ಮೂರು ಸಲ ಡಾಂಬರು ಹಾಕಿದಾರಂತೆ. ರಸ್ತೆ ಅಷ್ಟು ಮೇಲಕ್ಕೆ ಬಂದಿದೆ, ಅದನ್ನ ಬೋರ್ಡಿಗೆ ಯಾರೂ ಹೇಳಿಲ್ಲ."

ಅಳಿಯ ಗೊಣಗುತ್ತ ಇಳಿದು ಅಳೆದ. ಹನ್ನೊಂದೂಕಾಲು ಅಡಿ. ಅವನ ಮುಖ ಇಳಿದುಹೋಯಿತು.

"ಮಾವ ಬರೆದ ದಾರಿ ಯಾವುದು, ಹೇಳಿ" ಎಂದು ಗಾಡಿಯನ್ನು ಹಿಂದಕ್ಕೆ ತೆಗೆದ. ಹಿಂದಿದ್ದವರೆಲ್ಲ ಹಾರನ್ ಹೊಡೆದು ತಮ್ಮನನ್ನು ಬೀಳ್ಕೊಟ್ಟರು. ಸುತ್ತುದಾರಿಯಲ್ಲಿ ಸಂಜೆಯೊಳಗೆ ಕಡಲು ಮುಟ್ಟಿದೆವು.

ದೇವರೇ, ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು. ನಿನ್ನ ಬಾಗಿಲಿನ ಎತ್ತರ ಅಳೆಯಲು ಅವನು ತುಸು ಹೊತ್ತು ಹೊರಗೇ ನಿಂತರೆ ಬೇಸರಪಡಬೇಡ.