ಗುಲಾರ್ಟ್ ಅವರನ್ನೇ ಮತ್ತೆ ಆರಿಸಿ

ಬಿಸಿಲಿಗೆ ಮತ್ತೆ ಕಿತ್ತುಬರುತ್ತಿದೆ ಆ ಚೀಟಿ, ‘ಮತ್ತೆ’ ಎಂಬ ಒಂದೇ ಮಾತಿನದು, ಹೋದ ಚುನಾವಣೆಯ ಫಲಕಕ್ಕೇ ಅಂಟಿಸಿದ್ದು — ಗುಲಾರ್ಟ್ ಅವರನ್ನೇ ಆರಿಸಿ, ಕಮ್ಯುನಿಟಿ ಕಾಲೇಜಿನ ಆಡಳಿತ ಮಂಡಳಿಗೆ — ಇಡಲೀನಾ ಗುಲಾರ್ಟ್ ಹೆಬ್ಬೆರಳಿನಿಂದ ಒತ್ತಿದಳು, ಬೆರಳೆತ್ತಿದೊಡನೆ ಮೂಲೆ ಸುರುಳಿ, ಇರಲಿ, ಈ ಬೀದಿಯಲ್ಲಿ ಅವಳನ್ನು ಅರಿಯದವರು ಯಾರು, ಕಾಲುವೆಯ ಕಡೆಯಿಂದ ಹಸುಗಳ ವಾಸನೆ, ಬಾದಾಮಿ ಕೊಯ್ಲಿನ ದೂಳು ಗಂಟಲಲ್ಲಿ, ಹೋದ ಸಲ ಈ ದೂಳಿನಲ್ಲೇ, ಆಗಿನ್ನೂ ಗಂಡನಾಗಿದ್ದ ಆವೆಲಿನೊ ಸುತ್ತಿಗೆ ಹಿಡಿದು ಫಲಕ ನೆಡುತ್ತಿದ್ದ, ಅವನು ಬೀದಿಯ ಆ ಮಗ್ಗುಲು, ಅವಳು ಈ ಮಗ್ಗುಲು, ನಡುವೆ ಕೂಗಾಟ, ಏ ಲೀನಾ, ಈ ಮನೆ ನಾಯಿ ನಿನ್ನ ವಿರೋಧಿ ಕಣೇ, ನಕ್ಕು ನಕ್ಕು ಕರಪತ್ರಗಳೆಲ್ಲ ನೆಲದ ಪಾಲು. ಈಗ ಆ ಮಗ್ಗುಲಲ್ಲಿ ಯಾರೂ ಇಲ್ಲ. ವಿಚ್ಛೇದನ, ಜಗಳವಾದರೂ ಎಂಥದ್ದು, ಸಭೆ ಸಭೆ ಅಂತ ಊರಿಗೆಲ್ಲ ಸಿಗ್ತೀಯ, ನನಗೊಬ್ಬನಿಗೆ ಸಿಗಲ್ಲ ಅಂದಿದ್ದ, ಸಿಗದಿದ್ರೆ ಬಿಡು ಅಂದುಬಿಟ್ಟಳು, ಬಿಟ್ಟೇಬಿಟ್ಟ. ಗುಲಾರ್ಟ್ ಎಂಬ ಅವನ ಮನೆತನದ ಹೆಸರು ಮಾತ್ರ ಅವಳಲ್ಲಿ ಉಳಿಯಿತು. ಗೆಳತಿ ಸೆಲೆಸ್ಟ್ ಬೆಳಗ್ಗೆಯೂ ಕೆಣಕಿದಳು, ಗಂಡನ್ನ ಬಿಟ್ಟೆ, ಅವನ ಹೆಸರು ಯಾಕೇ ಬಿಡಲಿಲ್ಲ, ಮತಪತ್ರದಲ್ಲಿ ಜನಕ್ಕೆ ಗುರುತು ಸಿಗಲಿ ಅಂತ ತಾನೇ, ಭಲೇ ಘಾಟಿ ನೀನು! ಘಾಟಿಯೇ ಇರಲಿ, ಹೇಳಿಕೊಳ್ಳಲು ಅದಕ್ಕಿಂತ ಮಾನ ಉಳಿಸುವ ಕಾರಣ ಯಾವುದಿದೆ, ಅವಳಿಗೆ ಅವನು ಬೇಕು, ಇವತ್ತಿಗೂ ಬೇಕು, ಹಾಲು ಕರೆದು ಕರೆದು ಒರಟಾದ ಆ ಅಂಗೈ ಬೇಕು. ಬರುವ ಮೇ ತಿಂಗಳಲ್ಲಿ ಅವನಿಗೆ ಅದೇ ಕಾಲೇಜಿನ ಪದವಿ, ಈ ವಯಸ್ಸಿನಲ್ಲಿ, ಕೊಟ್ಟಿಗೆ ಕೆಲಸ ಮುಗಿಸಿಕೊಂಡು ಒಂದೊಂದೇ ತರಗತಿ ಓದಿ, ಮಂಡಳಿಯವರು ಗೌನು ತೊಟ್ಟು ವೇದಿಕೆಯ ಮೇಲೆ ಸಾಲಾಗಿ ನಿಂತು ಎಲ್ಲರ ಕೈ ಕುಲುಕುತ್ತಾರೆ, ತಮ್ಮ ಮನೆಯವರು ಬಂದರೆ ಪದವಿಪತ್ರವನ್ನು ತಾವೇ ಕೊಡುವುದು ರೂಢಿ, ಬಿಟ್ಟುಹೋದ ಗಂಡ ಮನೆಯವನೇ, ಯಾರು ಕೇಳುತ್ತಾರೆ, ಗುಲಾರ್ಟ್ ಕೈಯಿಂದ ಗುಲಾರ್ಟ್ ಕೈಗೆ, ಒಂದು ಗಳಿಗೆ ಆ ಕೈ ಅವಳ ಕೈಯಲ್ಲಿ — ಸೋತರೆ ಅದೂ ಇಲ್ಲ.

ಅವನ ಬಾಡಿಗೆ ಮನೆ, ಬೆಲ್ ಒತ್ತಿಬಿಟ್ಟಳು, ಒಳಗೆ ಬೆಳ್ಳುಳ್ಳಿ ಹಾಕಿದ ಹಂದಿ ಸಾಸೇಜು ಸೀಯುವ ವಾಸನೆ, ಇನ್ನೂ ಉರಿ ಸಣ್ಣದು ಮಾಡಲು ಕಲಿತಿಲ್ಲ ಇವನು, ಬಾಗಿಲು ತೆರೆಯಿತು, ಓ, ಮತ ಕೇಳೋಕೆ ಬಂದ್ಯಾ, ನಾನು ಮತಪತ್ರ ಆಗಲೇ ಅಂಚೆಗೆ ಹಾಕಿ ಆಯ್ತಲ್ಲ. ನನಗೆ ತಾನೇ? ಇಲ್ಲ ಮಾರಾಯ್ತಿ, ನಿನ್ನೆದುರು ನಿಂತಿದ್ದಾರಲ್ಲ, ಆ ಹಲ್ಲಿನ ಡಾಕ್ಟರಿಗೆ. ಯಾಕೆ, ನಾನೇನು ಅಷ್ಟು ಕೆಟ್ಟ ಕೆಲಸ ಮಾಡಿದ್ನಾ? ಕೆಲಸ ಚೆನ್ನಾಗೇ ಮಾಡ್ದೆ, ಅವನು ಬಾಗಿಲ ಚೌಕಟ್ಟು ನೋಡುತ್ತಿದ್ದಾನೆ, ಅವಳ ಮುಖವನ್ನಲ್ಲ, ಮೇನಲ್ಲಿ ನನ್ನ ಹೆಸರು ಕೂಗ್ತಾರೆ, ನೀನು ಮೇಲೆ ನಿಂತು ಎಲ್ಲರಿಗೂ ಕೈ ಕೊಡೋ ಹಾಗೆ ನನಗೂ ಕೈ ಕೊಡ್ತೀಯ, ಒಂದ್ಸಲ ಕೊಟ್ಟಿದ್ದು ಸಾಲದಾ? ತಮಾಷೆಯೇ, ಆದರೆ ನಗುತ್ತಿಲ್ಲ. ನೀನೂ ಮೇಲಿದ್ರೆ ಕೆಳಗೆ ನನ್ನೋರು ಅಂತ ಕೂತು, ನನ್ನ ಹೆಸರು ಬಂದಾಗ ಎದ್ದು ಕೂಗೋಕೆ ಯಾರಿದ್ದಾರೆ ಹೇಳು.

ಸಾಸೇಜು ಹೊತ್ತಿತು ಎಂದು ಒಳಗೆ ಓಡಿದ. ಅವಳ ಕಾಲುಗಳು ತಾವೇ ಪಕ್ಕದ ಮನೆಯ ಮೆಟ್ಟಿಲು ಹತ್ತಿವೆ, ಆದರೆ ಕಣ್ಣ ಮುಂದೆ ಕಾಲೇಜಿನ ಮೈದಾನ, ಹುಲ್ಲಿನ ಮೇಲೆ ಮಡಿಚುವ ಕುರ್ಚಿಗಳು, ಯಾರ್ಯಾರದೋ ಮನೆಯವರು ಎದ್ದು ಕಿರುಚುತ್ತಾರೆ, ನಡುವೆ ಅವನ ಕಡೆಯವರಿಗೆಂದು ಒಂದು ಬಿಳಿ ಕುರ್ಚಿ, ಅದರ ಮೇಲೆ ಯಾರೂ ಇಲ್ಲ, ಪಕ್ಕದ ಮನೆಯಾಕೆ ಬಾಗಿಲು ತೆರೆದು ಏನಮ್ಮಾ ಅನ್ನುತ್ತಿದ್ದಾಳೆ, ನನಗೆ ಮತ ಕೊಡಿ ಅನ್ನಬೇಕು, ಬಿಳಿ ಕುರ್ಚಿ, ಕೊಡಬೇಡಿ ಅನ್ನಬೇಕು, ಆ ಬಿಳಿ ಕುರ್ಚಿ —