ಹೆಸರು ತಿಳಿಯದ ಕೂಲಿಗಳು

ಗಾಜಿನೊಳಗೆ ಉಗಿ ಇನ್ನೂ ಏಳುತ್ತಲೇ ಇದೆಯಲ್ಲ, ಪುಟ್ಟಮಾದಮ್ಮ ಪ್ರದರ್ಶನದ ಹಳೇ ಫೋಟೋಗೆ ಮೂಗು ತಾಗುವಷ್ಟು ಹತ್ತಿರ ಹೋದಳು, ಇಂಜಿನ್ನು, ಅದರ ಹಿಂದೆ ಲೋಕೋ ಶೆಡ್ಡಿನ ತಗಡಿನ ಸೂರು, ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ, ಕಂಬಿಯ ಒಂದು ತುಂಡೂ ಉಳಿದಿಲ್ಲ — ಯಾದವಗಿರಿಯ ಈ ಸಭಾಂಗಣದ ಗೋಡೆಯ ಮೇಲೆ ಮಾತ್ರ ಶೆಡ್ಡು ಹಾಗೇ ಇದೆ, ನಡುವೆ ಟೋಪಿಯ ಫೋರ್‌ಮನ್, ಇಂಜಿನ್ನಿನ ಬೆನ್ನ ಮೇಲೆ ಗಂಡ ಮರಿಯಯ್ಯ, ಮದುವೆಯಾಗಿ ಆಗ ಎರಡು ವರ್ಷ, ಕೆಳಗೆ ಬೂದಿಯ ಮಂಕರಿ ಹೊತ್ತು ತಾನು, ಜೊತೆಯ ಹೆಂಗಸರು. ಅಜ್ಜಿ, ಕೆಳಗೆ ಚೀಟೀಲಿ ಏನೋ ಬರೆದವ್ರೆ, ಮೊಮ್ಮಗಳು ನಯನಾ ಓದಿದಳು, ಫೋರ್‌ಮನ್ನರ ಪೂರ್ತಿ ಹೆಸರು, ಹುದ್ದೆ, ಆಮೇಲೆ, ಮತ್ತು ಹೆಸರು ತಿಳಿಯದ ಕೂಲಿಗಳು. ತಿಳಿಯದ. ಹನ್ನೊಂದು ವರ್ಷ ಇಂಜಿನ್ನಿನ ಹೊಟ್ಟೆಯಿಂದ ಉದುರಿದ ಬಿಸಿ ಬೂದಿ ಬಾಚಿದವಳು, ಕಂಬಿಯ ನಡುವಿನ ಬೂದಿಗುಂಡಿಗಿಳಿದರೆ ಅಂಗಾಲು ಚುರ್ರೆನ್ನುತ್ತಿತ್ತು, ಅವತ್ತು ಫೋಟೋದವನು ಕೈಬೀಸಿದ್ದ, ಏಯ್, ಹೆಂಗಸರೆಲ್ಲ ಅತ್ಲಾಗೆ ಹೋಗಿ, ಮೇಲಿಂದ ಮರಿಯಯ್ಯನೂ, ಬಂದ್ಬುಡೇ ಈಚೆಗೆ, ಸಾಹೇಬ್ರು ಬೈತಾರೆ — ಬೈಯ್ಲಿ, ನಾವು ಬಾಚ್ದೆ ಇಂಜಿನ್ನು ಎಂಗೆ ಓಡ್ತದೋ ನೋಡೇಬುಡ್ತೀನಿ, ಅಂದವಳು ಕದಲಲಿಲ್ಲ, ಅವಳನ್ನು ನೋಡಿ ಉಳಿದವರೂ ನಿಂತರು.

ಕೂಲಿಗಳಂತೆ, ಯಾರ್ರೀ ಬರ್ದೋರು, ದನಿ ಏರಿದ್ದಕ್ಕೆ ಪ್ರದರ್ಶನ ಜೋಡಿಸಿದ ಅನಂತಪದ್ಮನಾಭರು ಬಂದರು, ಆ ಫೋರ್‌ಮನ್ನರ ಮಗ, ವಿನಯವಾಗಿಯೇ, ದಾಖಲೇಲಿ ಹೆಸರಿಲ್ಲ ಕಣಮ್ಮ. ದಾಖಲೆ ಯಾಕೆ, ನಾನೇ ನಿಂತಿವ್ನಲ್ರೀ ನಿಮ್ಮ ಮುಂದೆ. ಮುಂದಿನ ಸಲ ಹೊಸ ಚೀಟಿ ಮಾಡಿಸ್ತೀವಿ. ಮುಂದಿನ ಸಲ — ಎಪ್ಪತ್ತು ದಾಟಿದವಳಿಗೆ ಮುಂದಿನ ಸಲ! ನಯನಾ, ಪೆನ್ನು ಕೊಡು. ಬ್ಯಾಡ ಅಜ್ಜಿ. ಕೊಡು ಅಂದೆ. ವಯಸ್ಕರ ಶಾಲೆಯಲ್ಲಿ ಕಲಿತ ದಪ್ಪ ಅಕ್ಷರ, ಅಚ್ಚಾದ ಸಾಲಿಗೆ ಗೀಟು ಎಳೆದು ಪುಟ್ಟಮಾದಮ್ಮ, ಮರಿಯಯ್ಯ, ಕೆಂಪಾಜಮ್ಮ, ಚಿಕ್ಕತಾಯಮ್ಮ, ಚೀಟಿಯಲ್ಲಿ ಜಾಗ ಮುಗಿದು ಪೆನ್ನು ಗೋಡೆಗೇ ಇಳಿಯಿತು, ಸುಣ್ಣ ಉದುರಿತು, ತಡೆಯಲು ಬಾಯಿ ತೆರೆದ ಅನಂತಪದ್ಮನಾಭರು ತಂದೆಯ ಚಿತ್ರವನ್ನೊಮ್ಮೆ ನೋಡಿ, ಒಂದು ಕುರ್ಚಿ ತಂದಿಟ್ಟರು. ಅವಳು ಕೂರಲಿಲ್ಲ, ಇನ್ನೊಬ್ಬಳಿದ್ದಾಳೆ, ಚಿತ್ರದ ಅಂಚಿಗೆ ಕತ್ತರಿಸಿಹೋಗಿ ಬರೀ ಕೈ ಉಳಿದವಳು, ಯಾರು, ಹಿನಕಲ್ ಹಳ್ಳಿಯಿಂದ ನಡೆದು ಬರುತ್ತಿದ್ದಳು, ಎಲ್ಲರಿಗೂ ಎಲೆಯಡಿಕೆ ಹಂಚುತ್ತಿದ್ದಳು, ನಾಲಿಗೆಯ ತುದಿಯಲ್ಲೇ ಇದೆ ಹೆಸರು, ಹೋಗಲ್ಲ ಕಣೇ, ನಿನ್ನ ಹೆಸರು ನೆನಪಾಗೋ ಗಂಟ ಇಲ್ಲಿಂದ ಹೋಗಲ್ಲ, ಮಂಕರಿ ಹಿಡಿದ ಕೈ, ಬೂದಿ ಮೆತ್ತಿದ ಮಣಿಕಟ್ಟು, ಅದರಲ್ಲಿ ಒಡೆಯದೆ ಉಳಿದ ಒಂದೇ ಒಂದು ಗಾಜಿನ ಬಳೆ, ಆ ಬಳೆ —