ಕೊನೆಗೆ ಏಳುವವಳು

ಗದ್ದೆ ಕೊಯ್ಲು ಮುಗಿದು, ಸಿಪ್ಪೆ ತೆಗೆದ ಕಾಕಿ ಹಣ್ಣುಗಳನ್ನು ದಾರಕ್ಕೆ ಪೋಣಿಸಿ ಸೂರಿನ ಕೆಳಗೆ ಒಣಗಲು ಬಿಟ್ಟಿದ್ದ ಕಾಲ. ದೀಪ ಹಚ್ಚುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅಕ್ಕಿ ನೆನೆಹಾಕಿ ಮೇಲಿನ ಬೀದಿಯ ಹೆಂಗಸರೆಲ್ಲ ಹಂದಿ ಬುಗ್ಗೆಯ ಬಿಸಿನೀರಿನ ಸ್ನಾನದ ಮನೆಗೆ ಬಂದು ನೀರಿಗಿಳಿದಿದ್ದೆವು. ಆಗ ಗಂಡಸರ ಕಡೆಯಿಂದ ನಮ್ಮಣ್ಣ ಕಿಚಿಜೊ ಕೆಮ್ಮಿದ.

ಬೀದಿಯ ಯಜಮಾನ ಅವನು. ಹೇಳುವುದನ್ನೆಲ್ಲ ನಡುವಿನ ಮರದ ಅಡ್ಡಗೋಡೆಯ ಆಚೆಯಿಂದಲೇ ಕೂಗಿ ಹೇಳುವುದು ನಮ್ಮಲ್ಲಿ ರೂಢಿ. ಆ ಹೊತ್ತಿಗೆ ಎಲ್ಲರೂ ನೀರಿನಲ್ಲೇ ಇರುತ್ತಾರೆ, ಮನೆಮನೆ ಅಲೆಯುವುದು ತಪ್ಪುತ್ತದೆ. ಚರಂಡಿ ತೆಗೆಯುವ ದಿನ ಯಾವುದು, ಯಾರು ತೀರಿಕೊಂಡರು, ಎಲ್ಲ ಹಾಗೇ ಕೇಳಿಕೊಂಡು ಬಂದವರು ನಾವು.

"ಕೇಳಿಸ್ಕೊಳ್ಳಿ," ಅಂದ. "ಈ ಬುಗ್ಗೆ ನೀರು ಓಗುರಾ ಸಾಹುಕಾರ್ರ ಹೋಟೆಲಿಗೆ ಹೋಗುತ್ತೆ. ನಾಳೆ ಪೈಪಿನೋರು ಬರ್ತಾರೆ, ಈ ಮನೆ ಮುಚ್ಚುತ್ತೆ. ನಮಗೇನೂ ನಷ್ಟ ಇಲ್ಲ. ಬೆಳಿಗ್ಗೆ ಅತಿಥಿಗಳು ಏಳೋ ಮುಂಚೆ ಹೋಟೆಲಿನ ತೊಟ್ಟೀಲಿ ನಾವೆಲ್ಲ ಪುಕ್ಕಟೆ ಸ್ನಾನ ಮಾಡಬಹುದು. ಹಿಂದಿನ ಗೇಟಿಂದ ಬರಬೇಕು, ಅಷ್ಟೆ."

ಗಲ್ಲದವರೆಗೆ ನೀರಿನಲ್ಲಿದ್ದ ಇಸೊ ಅಜ್ಜಿ ಕೂಗಿದಳು: "ಹಿಂದಿನ ಗೇಟಲ್ಲಿ ನಾಯಿಗೂ ಅನ್ನ ಹಾಕ್ತಾರಪ್ಪ ಕಿಚಿಜೊ. ನಿಂಗೆ ಯಾವತ್ತಿಂದ ಹಾಕ್ತಿದ್ದಾರೆ?"

ಗಂಡಸರಲ್ಲಿ ಯಾರೋ ನಕ್ಕು, ನಗುವನ್ನು ನುಂಗಿಕೊಂಡರು.

ನನ್ನ ಪಕ್ಕದಲ್ಲಿದ್ದ ಅತ್ತಿಗೆ ಶಿಗೆನೊ ನಗಲಿಲ್ಲ. ಕಿಚಿಜೊನ ಹೆಂಡತಿ ಅವಳು. "ರೀ, ಕರಾರಿಗೆ ಮುದ್ರೆ ಒತ್ತಿಬಿಟ್ರಾ?"

"ಒತ್ತಿದೆ."

"ಮನೇಲಿ ಒಂದು ಮಾತು ಹೇಳಲಿಲ್ಲ."

"ಹೇಳಿದ್ರೆ ಒತ್ತೋಕೆ ಬಿಡ್ತಿದ್ಯಾ ನೀನು?"

ನಮ್ಮ ಹಿನೊಸಾವಾ ಹಳೆಯ ಊರು. ಕೆಳಗಿನ ಬೀದಿಯ ಬುಗ್ಗೆಯನ್ನು ಕಾಲು ಮುರಿದ ಕೊಕ್ಕರೆಯೊಂದು ತೋರಿಸಿತಂತೆ, ನಮ್ಮದನ್ನು ಬಾಣ ತಗುಲಿದ ಕಾಡುಹಂದಿ. ಹೋಟೆಲಿನವರು ಬಸ್ಸಿನ ಮೇಲೆ ಬರೆಸಿದ್ದು ಕೊಕ್ಕರೆಯ ಚಿತ್ರ. ಹಂದಿ ನೋಡಿ ಯಾರು ಬರುತ್ತಾರೆ? ದೊರೆಗಳ ಕಾಲದಲ್ಲಿ ನಮ್ಮ ನೀರು ಪೀಪಾಯಿಗಳಲ್ಲಿ ಬೆಟ್ಟ ಇಳಿದು ರಾಜಧಾನಿಗೆ ಹೋಗುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದ. ನಾನು ಕಣ್ಣಾರೆ ಕಂಡದ್ದು ಕೊಯ್ಲು ಮುಗಿಸಿ ಅಕ್ಕಿ, ಸಾರಿಗೆ ಬೇಕಾದ ಮಿಸೊ ಹೊತ್ತುಕೊಂಡು ಬರುತ್ತಿದ್ದ ರೈತರನ್ನು. ತಾವೇ ಬೇಯಿಸಿಕೊಂಡು, ನೀರಿನಲ್ಲಿ ಕೂತು, ಬೆನ್ನು ನೆಟ್ಟಗಾದ ಮೇಲೆ ಹೋಗುತ್ತಿದ್ದರು. ಯುದ್ಧ ಮುಗಿದು ಹತ್ತು ಹದಿನೈದು ವರ್ಷವಾದ ಮೇಲೆ ಬಸ್ಸುಗಳು ಬಂದವು. ಬಿರಡೆ ಬಂದೂಕಿನಿಂದ ಗೊಂಬೆ ಬೀಳಿಸುವ ಅಂಗಡಿ, ಹಬೆಯಲ್ಲಿ ಬೇಯಿಸಿದ ಸಿಹಿ ಕಡುಬಿನ ಅಂಗಡಿ, ಆಮೇಲೆ ಓಗುರಾ ಸಾಹುಕಾರನ ಮಹಡಿ ಮೇಲೆ ಮಹಡಿ. ಅಷ್ಟು ಮಹಡಿಗೆ ಕೊಕ್ಕರೆಯ ನೀರು ಸಾಲಲಿಲ್ಲ.

ಮೇಲಿನ ಬೀದಿಯ ಒಂದು ಮನೆಯಲ್ಲೂ ಬಚ್ಚಲಿರಲಿಲ್ಲ. ಮೊಟ್ಟೆ, ಸೊಪ್ಪು ಬೇಯುವುದು ಆ ಬುಗ್ಗೆಯ ತೂಬಿನಲ್ಲಿ, ಬಟ್ಟೆ ಒಗೆಯುವುದು ಅಲ್ಲೇ ಕೆಳಗೆ. ಚಳಿಗಾಲದಲ್ಲಿ ಅದೇ ನೀರು ದಾರಿಯುದ್ದಕ್ಕೂ ಹರಿದು ಹಿಮ ಕರಗಿಸುತ್ತದೆ. ಅದು ಹೋದರೆ ನಮ್ಮ ಬೀದಿಯೇ ಹೋದ ಹಾಗೆ.

ಬುಗ್ಗೆಯ ಬಾಯಿ ಇರುವುದು ಹೆಂಗಸರ ತೊಟ್ಟಿಯ ತಳದಲ್ಲಿ. ಗಂಡಸರ ಕಡೆಗೆ ನೀರು ಹೋಗುವುದೂ ಇಲ್ಲಿಂದಲೇ. ತೊಟ್ಟಿ ಖಾಲಿಯಾಗದೆ ಪೈಪು ಇಳಿಸಲು ಬರುವುದಿಲ್ಲ. ಖಾಲಿ ಮಾಡುವುದಕ್ಕೆ ಒಂದು ಕಟ್ಟಳೆ ಇದೆ: ದಿನದ ಕೊನೆಗೆ ನೀರಿನಿಂದ ಏಳುವವಳು ಬಿರಡೆ ಕಿತ್ತು, ನೆಲ ಉಜ್ಜಿ, ಮತ್ತೆ ತುಂಬಲು ಬಿಟ್ಟು ಹೋಗಬೇಕು. ಬೇರೆಯವರು ಬಿರಡೆ ಮುಟ್ಟುವಂತಿಲ್ಲ. ಒಳಗೆ ಜನ ಇರುವಾಗ ಕಿತ್ತರೆ ಬುಗ್ಗೆ ಬತ್ತುತ್ತದೆ ಎಂದು ಈ ಬೆಟ್ಟಸಾಲಿನ ಊರೂರಲ್ಲೂ ನಂಬುತ್ತಾರೆ.

"ಇವತ್ತು ಕೊನೇಲಿ ಏಳೋಳು ಯಾರು?" ಅಂತ ಅತ್ತಿಗೆ ಕೇಳಿದಳು.

"ನಾನೇ," ಅಂದೆ.

"ಏಳಬೇಡ."

ಅಷ್ಟೇ ಅವಳು ಹೇಳಿದ್ದು. ಅಂದಿನಿಂದ ಯಾರೂ ಕೊನೆಗೆ ಏಳಲಿಲ್ಲ. ಒಬ್ಬಳು ಬಂದು ಇಳಿದರೆ ಇನ್ನೊಬ್ಬಳು ಏಳುವುದು. ನಮ್ಮ ನೀರು ಬಲು ಬಿಸಿ, ಹಲಗೆಯಿಂದ ಕಲಕಿ ಕಲಕಿ ಆರಿಸಿದರೂ ಬಹಳ ಹೊತ್ತು ಕೂರಲು ಆಗದು. ತಲೆ ಸುತ್ತಿದರೆ ಅಂಚಿನ ಮೇಲೆ ಕೂತು ಒಂದು ಕಾಲು ಇಳಿಬಿಟ್ಟರೂ ನೀರಿನಲ್ಲಿ ಇದ್ದಂತೆಯೇ ಎಂದು ಇಸೊ ಅಜ್ಜಿ ತೀರ್ಪು ಕೊಟ್ಟಳು. ಅನ್ನದ ಉಂಡೆ, ಮೂಲಂಗಿ ಉಪ್ಪಿನಕಾಯಿ ಅಲ್ಲಿಗೇ ಬಂದವು. ಹೊಲಿಗೆಯೂ ಬಂತು. ಕೊಯ್ಲು ಮುಗಿಸಿ ಬಂದಿದ್ದ ರೈತರ ಹೆಂಡಿರು ಕರೆಯದೆಯೇ ಸರದಿಗೆ ಸೇರಿದರು. ಪಾಚಿ ಕಟ್ಟಲು ಶುರುವಾದಾಗ ಅತ್ತಿಗೆಗೆ ಅದೊಂದೇ ಸಂಕಟ. ಒಂದು ಕಾಲನ್ನು ನೀರಿನಲ್ಲಿಟ್ಟುಕೊಂಡೇ ಕೈಗೆ ಸಿಕ್ಕಷ್ಟು ಗೋಡೆ ಉಜ್ಜುತ್ತಿದ್ದಳು.

ಪೈಪಿನ ಮೇಸ್ತ್ರಿ ಉರಾಬೆ ಬಂದವನು ಬಾಗಿಲ ಪರದೆಯ ಹೊರಗೆ ನಿಂತು, "ಒಳಗೆ ಯಾರಾದ್ರೂ ಇದ್ದೀರಾ ತಾಯಿ?" ಅಂದ.

"ಇದ್ದೀವಿ," ಅಂದೆವು.

"ಹಾಗಾದ್ರೆ ಕಾಯ್ತೀನಿ," ಅಂತ ಗಂಡಸರ ಕಡೆ ಹೋಗಿ ತಾನೂ ನೀರಿಗಿಳಿದ. ಅವನ ಕೂಲಿಯಾಳುಗಳೂ ಇಳಿದರು. ದಿನಾ ಅದೇ ಆಯಿತು.

ಓಗುರಾ ಸಾಹುಕಾರ ಕಡುಬಿನ ಪೆಟ್ಟಿಗೆ ಕಳಿಸಿದ. ಕಡುಬು ತಿಂದು ಖಾಲಿ ಪೆಟ್ಟಿಗೆ ಹಿಂದೆ ಕಳಿಸಿದೆವು. ಮರುದಿನ ಹೋಟೆಲಿನ ಕೆಲಸದ ಹೆಂಗಸು ಮಾತ್ಸುಎ ಟವೆಲು ಹಿಡಿದು ಬಂದಳು. ಎಲ್ಲರೂ ಎದ್ದ ಮೇಲೆ ಬಿರಡೆ ಕಿತ್ತು ಬಾ ಎಂದು ಅವಳಿಗೆ ಹೇಳಿ ಕಳಿಸಿದ್ದರು. ಇಳಿದು ಕೂತದ್ದೇ ಬಾಯಿಬಿಟ್ಟು ಹೇಳಿದಳು.

"ಪಾಪ, ಕೂತ್ಕೊಳ್ಳೇ," ಅಂದಳು ಇಸೊ ಅಜ್ಜಿ. "ನಾವು ಏಳೋ ಹೊತ್ತಿಗೆ ನಿಂಗೂ ನನ್ನಷ್ಟು ವಯಸ್ಸಾಗಿರುತ್ತೆ."

ಮಾತ್ಸುಎ ನಕ್ಕು ನಕ್ಕು ನೀರು ಕುಡಿದಳು. ಬೆನ್ನು ಉಜ್ಜಿಸಿಕೊಂಡು ಹೋದಳು.

ನನಗೆ ಕಷ್ಟವಾಗುತ್ತಿದ್ದದ್ದು ಅಣ್ಣನ ಮುಖ ನೋಡುವುದು. ಓಗುರಾನ ಹೋಟೆಲಿನಲ್ಲಿ ಅವನಿಗೆ ಮೇಲ್ವಿಚಾರಕನ ಕೆಲಸ ಕೊಡುವುದಾಗಿ ಹೇಳಿದ್ದರು, ಹೊಸ ಕೋಟೂ ಹೊಲಿಸಿಕೊಂಡಿದ್ದ. ಕೆಟ್ಟವನೇನಲ್ಲ. ಬೇರೆ ಬೀದಿಯವರು ಮುಂದೆ ಹೋಗುತ್ತಿದ್ದಾರೆ, ನಾವು ಮಾತ್ರ ಹಂದಿಯ ಹೆಸರು ಹಿಡಿದು ಕೂತಿದ್ದೇವೆ ಎಂದು ನಿಜವಾಗಿ ನೊಂದುಕೊಂಡಿದ್ದ. ಅನ್ನ ಬಡಿಸಿದರೆ ತಟ್ಟೆ ದೂಡುತ್ತಿದ್ದ. "ನೀನೂ ಅವಳ ಕಡೇನಾ?" ಅಂತ ಕೇಳಿದ. ನಾನು ತಟ್ಟೆ ಎತ್ತಿಟ್ಟು, ಟವೆಲು ತೆಗೆದುಕೊಂಡು, ನನ್ನ ಸರದಿಗೆ ಹೋದೆ.

ಮೋಡ ಬೆಟ್ಟದ ಮೇಲೆ ಕೂತ ಒಂದು ಸಂಜೆ ಅವನು ಮತ್ತೆ ಅಡ್ಡಗೋಡೆಯ ಹತ್ತಿರ ಬಂದ. ಎರಡೂ ಕಡೆ ಜನ ತುಂಬಿದ್ದರು.

"ಶಿಗೆನೊ, ಈಗ ಎದ್ದು ಬಾ. ಬರದಿದ್ರೆ ಮನೆಗೂ ಬರಬೇಡ."

"ಮನೆಗೆ ಬಂದೇ ಬರ್ತೀನಿ ರೀ. ಅದು ನಾನು ಗುಡಿಸಿದ ಮನೆ."

"ಸಾಹುಕಾರ್ರ ಮುಂದೆ ನನ್ನ ಮುಖಕ್ಕೆ ಮಸಿ ಬಳಿದೆಯಲ್ಲೇ!"

"ತೊಳ್ಕೊಳ್ಳಿ. ಆ ಕಡೆಗೂ ನೀರು ಬರ್ತಿದೆಯಲ್ಲ, ನಾವು ಕೂತಿರೋದಕ್ಕೆ."

ಗಂಡಸರು ಈ ಸಲ ನಗುವನ್ನು ನುಂಗಲಿಲ್ಲ. ಕಮ್ಮಾರ, ಮರಗೆಲಸದವನು, ಮುದ್ರೆ ಒತ್ತುವಾಗ ಅಣ್ಣನ ಹಿಂದೆ ನಿಂತಿದ್ದವರು ಕೂಡ ನಕ್ಕರು. ನಗು ನಿಂತ ಮೇಲೆ ಉರಾಬೆ ಮೇಸ್ತ್ರಿ ಮೆಲ್ಲಗೆ ಹೇಳಿದ: "ಯಜಮಾನ್ರೇ, ಖಾಲಿ ತೊಟ್ಟಿಗೆ ಪೈಪು ಹಾಕು ಅಂತ ನನ್ನ ಕರೆದ್ರಿ. ಇದು ಖಾಲಿ ಆಗೋ ಹಂಗೆ ಕಾಣಲ್ಲ. ಹಿಮ ಬಿದ್ರೆ ಕಣಿವೆ ದಾರಿ ಮುಚ್ಚುತ್ತೆ, ನಾನು ಹೊರಟೆ."

ಅಣ್ಣ ಮೈ ಒರೆಸಿಕೊಳ್ಳದೆ ಹೋದನೆಂದು ಕಮ್ಮಾರ ಆಮೇಲೆ ಹೇಳಿದ.

ಬೆಳಿಗ್ಗೆ ಲಾರಿಯ ಸದ್ದು ಬೀದಿ ಇಳಿದು, ಸೇತುವೆ ದಾಟಿ, ಕೇಳದಾಯಿತು. ಅತ್ತಿಗೆ ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಿದ್ದಳು. ಆಮೇಲೆ ನಮ್ಮನ್ನೆಲ್ಲ ಎಬ್ಬಿಸಿ ತಾನು ಕೊನೆಗೆ ಎದ್ದಳು. ಬಿರಡೆ ಕಿತ್ತಳು. ಪಾಚಿಯನ್ನೆಲ್ಲ ಉಜ್ಜಿ, ತಳದ ಕಲ್ಲು ಕಾಣುವ ಹಾಗೆ ಮಾಡಿ, ಮತ್ತೆ ನೀರು ತುಂಬಲು ಬಿಟ್ಟಳು. ಸೊಂಟಕ್ಕೆ ಕೈಯಿಟ್ಟು ಹೊರಗೆ ಬಂದಾಗ ನಾನು ಹೇಳಿದೆ, ಅಣ್ಣ ಆ ಲಾರಿಯಲ್ಲಿ ಹೋದ ಎಂದು.

"ಹತ್ತಿ ತುಂಬಿದ ಅಂಗಿ ತಗೊಂಡು ಹೋದ್ರಾ?"

"ಹೂಂ."

"ಸರಿ ಬಿಡು," ಅಂದು ಅಡುಗೆಗೆ ಸೊಪ್ಪು ತರಲು ಹೋದಳು.

ಹೋದವರು ಉರಾಬೆ ಮೇಸ್ತ್ರಿ, ಅವನ ಆಳುಗಳು, ಪೈಪುಗಳ ಮೇಲೆ ಕೂತ ನಮ್ಮಣ್ಣ ಕಿಚಿಜೊ. ಹನ್ನೊಂದನೆಯ ತಿಂಗಳಿನಲ್ಲಿ ಪಂಚಾಂಗದವರು ಕೋಳಿಯ ದಿನ ಎನ್ನುವ ದಿನಗಳಲ್ಲಿ ಮೊದಲನೆಯದು ಅದು, ಹಿಮ ಆಗಷ್ಟೇ ಶುರುವಾಗಿತ್ತು.